ಮೊದಲು ಮಗುವಿನ ಶಾಲೆ, ಆಮೇಲೆ ನಿಮ್ಮ ಕೆಲಸ

ಕಾಯಿಲೆಯ ಮಗುವನ್ನು ಸಾಕುತ್ತಾ ಕಾಸರಗೋಡಿನಲ್ಲಿ ಅರೆಹೊತ್ತಿನ ಕೆಲಸ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಸಿಗುತ್ತದೆ. ಆದರೆ ನಮ್ಮ ಎಣ್ಮಕಜೆ, ಬದಿಯಡ್ಕ ಕಡೆಯ ತಾಯಂದಿರು ಕೆಲಸ ಹುಡುಕುವ ಕ್ರಮವೇ ಬೇರೆ.

ಇಲ್ಲಿಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸುರಿದರು. ಹಾಸಿಗೆ ಹಿಡಿದ ಮಗು, ಅದರ ಬಳಿಯಿಂದ ಏಳಲಾಗದ ತಾಯಿ ಇರುವ ಮನೆಗಳು ಇಲ್ಲಿ ಎಷ್ಟೋ ಇವೆ. ಹಾಗಾಗಿ ನಿಮ್ಮ ಕಷ್ಟವನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಊರಿನಿಂದ ಬರುವವರಿಗೆ ಇದೇ ದೊಡ್ಡ ಆಸರೆ ಎಂದು ನನಗನಿಸುತ್ತದೆ.

ಮಗುವಿಗೆ ಬುದ್ಧಿಮಾಂದ್ಯವಿದ್ದರೆ ಮೊದಲು ಪಂಚಾಯತಿನ ಬಡ್ಸ್ ಶಾಲೆಯನ್ನು ವಿಚಾರಿಸಿ. ಪಂಚಾಯತು ಮತ್ತು ಕುಟುಂಬಶ್ರೀ (ಕೇರಳದ ಹೆಂಗಸರ ಸ್ವಸಹಾಯ ಸಂಘಗಳ ಕೂಟ) ಸೇರಿ ಇಂಥ ಮಕ್ಕಳಿಗಾಗಿ ನಡೆಸುವ ಶಾಲೆ ಅದು. ಮಗು ಅಲ್ಲಿರುವ ಹೊತ್ತು ಮಾತ್ರ ನಿಮ್ಮದು. ಅದರೊಳಗೆ ಹಿಡಿಯುವ ಕೆಲಸವನ್ನೇ ಒಪ್ಪಿಕೊಳ್ಳಿ.

ನನ್ನ ಅನುಭವದಲ್ಲಿ ಗಂಟೆಯ ಲೆಕ್ಕದ ಕೆಲಸಕ್ಕಿಂತ, ಮಾಡಿದಷ್ಟಕ್ಕೆ ಕೂಲಿ ಸಿಗುವ ಎಣಿಕೆಯ ಕೆಲಸ ಒಳ್ಳೆಯದು. ನಾನು ಬೀಡಿ ಕಟ್ಟುತ್ತೇನೆ. ಎಲೆಯನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಮೆತ್ತಗಾಗುತ್ತದೆ. ತಗಡಿನ ಅಳತೆಯಿಟ್ಟು ಕತ್ತರಿಸಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟುತ್ತಾ ಕುಳಿತರಾಯಿತು. ಮಗನಿಗೆ ಫಿಟ್ಸ್ ಬಂದರೆ ಮೊರವನ್ನು ಬದಿಗೆ ಸರಿಸಿ ಏಳುತ್ತೇನೆ. ಅವನು ಮಲಗಿದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸುತ್ತೇನೆ. ಏಕೆ ತಡವಾಯಿತು ಎಂದು ಬೈಯುವವರಿಲ್ಲ. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ ಬರುತ್ತದೆ, ಕಡಿಮೆಯೇ. ಸೇರುವಾಗ ಭವಿಷ್ಯನಿಧಿ ಇದೆಯೇ ಎಂದು ಕೇಳದೆ ಒಪ್ಪಬೇಡಿ. ಆದರೆ ನಿಮ್ಮ ಮಗುವಿಗೆ ಉಬ್ಬಸವೋ ಶ್ವಾಸಕೋಶದ ತೊಂದರೆಯೋ ಇದ್ದರೆ ಬೀಡಿ ಖಂಡಿತ ಬೇಡ. ಹೊಗೆಸೊಪ್ಪಿನ ಧೂಳು ಮನೆಯೊಳಗೆಲ್ಲ ಹರಡುತ್ತದೆ. ಅಂಥವರಿಗೆ ಹೊಲಿಗೆ ಇದೆ, ಕಾಲಕ್ಕೆ ತಕ್ಕಂತೆ ಅಡಿಕೆ ಸುಲಿಯುವುದಿದೆ.

ಹೊರಗೆ ಹೋಗಬಲ್ಲವರಿಗೆ ಹರಿತ ಕರ್ಮ ಸೇನೆ ಇದೆ. ಮನೆಮನೆಗೆ ಹೋಗಿ ಪ್ಲಾಸ್ಟಿಕ್ ಸಂಗ್ರಹಿಸುವ ಕುಟುಂಬಶ್ರೀ ಹೆಂಗಸರ ತಂಡವದು. ಒಬ್ಬಳು ಆಸ್ಪತ್ರೆಗೆ ಹೋದ ದಿನ ಅವಳ ಮನೆಗಳನ್ನು ಇನ್ನೊಬ್ಬಳು ನೋಡಿಕೊಳ್ಳುವುದನ್ನು ನಮ್ಮ ವಾರ್ಡಿನಲ್ಲಿ ಕಂಡಿದ್ದೇನೆ. ಅಂಗಡಿಯ ಕೆಲಸ ಸಿಕ್ಕರೆ ಸಂಬಳದ ಮಾತಿಗಿಂತ ಮೊದಲು ಆಸ್ಪತ್ರೆಯ ದಿನದ ಮಾತನ್ನು ತೀರ್ಮಾನಿಸಿಕೊಳ್ಳಿ. ದೊಡ್ಡ ಚಿಕಿತ್ಸೆಗೆ ನಾವು ಇಂದಿಗೂ ಮಂಗಳೂರಿಗೇ ಹೋಗುತ್ತೇವೆ. ಬಸ್ಸು, ಸಾಲು, ಔಷಧಿ ಎಂದು ಇಡೀ ದಿನ ಹೋಗಿಬಿಡುತ್ತದೆ. 2020ರ ಮಾರ್ಚಿನಲ್ಲಿ ಕೊರೊನಾದಿಂದ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಮಂಗಳೂರು ತಲುಪಲಾಗದೆ ರೋಗಿಗಳು ಪ್ರಾಣ ಬಿಟ್ಟರು. ಆ ದಿನಗಳ ನಂತರ ಮಗನ ಮಾತ್ರೆಗಳನ್ನು ಮುಗಿಯುವ ತನಕ ಕಾಯದೆ ತಂದಿಡುತ್ತೇನೆ. ನೀವೂ ಹಾಗೆಯೇ ಮಾಡಿ.

ಪೂರ್ತಿ ಹೊತ್ತು ಆರೈಕೆ ಬೇಕಾದ ಮಗುವಾದರೆ ನೋಡಿಕೊಳ್ಳುವವರಿಗೆ ಕೇರಳ ಸರಕಾರದ ಆಶ್ವಾಸಕಿರಣಂ ಯೋಜನೆಯಿದೆ, ತಿಂಗಳಿಗೆ 600 ರೂಪಾಯಿ. ಅದು ತಿಂಗಳುಗಟ್ಟಲೆ ಬಾಕಿಯಾಗುವುದೂ ಉಂಟು, ಅದನ್ನು ನಂಬಿ ಸಾಲ ಮಾಡಬೇಡಿ. ಅರ್ಜಿ ನಮೂನೆ ಮಲಯಾಳದಲ್ಲಿದ್ದರೆ ಹೆದರಬೇಡಿ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಇಲ್ಲಿಯ ಕಚೇರಿಗಳಲ್ಲಿ ಕನ್ನಡದಲ್ಲೇ ಅರ್ಜಿ ಕೊಡುವ ಹಕ್ಕಿದೆ. ಕೇಳಿ ಪಡೆಯಬೇಕು, ಅಷ್ಟೇ.

ಮನೆ ಹುಡುಕುವಾಗ ಬಡ್ಸ್ ಶಾಲೆಗೆ ಹತ್ತಿರದಲ್ಲೇ ನೋಡಿ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಅಡ್ಡಿಯಿಲ್ಲ. ಹೋಗಿ ಬರುವ ದಾರಿಯಲ್ಲಿ ಕಳೆಯುವ ಹೊತ್ತು ನಿಮ್ಮ ಕೂಲಿಯಿಂದಲೇ ಹೋಗುತ್ತದೆ.