ತೊಗರಿ ಚರ್ಚೆಯ ಉತ್ತರಗಳೆಲ್ಲ ಒಂದೆಡೆ ಸಿಗಬೇಕಾದರೆ

ಶರಣು ಅಣ್ಣಾ. ಭಾಲ್ಕಿಯಿಂದ ನೀವು ಕೇಳಿದ್ದು ಇಷ್ಟು: ನಮ್ಮ ತೊಗರಿ ಬೆಳೆಗಾರರ ತಾಣದಲ್ಲಿ ಗಿಡ ಒಣಗುವುದರ ಬಗ್ಗೆ ಬಂದ ಬರಹ ನಿಮ್ಮ ಫೀಡ್ ರೀಡರ್‌ಗೆ (ತಾಣಗಳ ಹೊಸ ಬರಹಗಳ ಪಟ್ಟಿಯನ್ನು, ಅಂದರೆ ಫೀಡನ್ನು, ತಂದು ತೋರಿಸುವ ಆ್ಯಪ್) ಬಂತು, ಅದಕ್ಕೆ ಬಂದ ಉತ್ತರಗಳು ಬರಲಿಲ್ಲ. ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲದಲ್ಲಿ ಅದರದೇ ಬೇರೆ ಚರ್ಚೆ ನಡೆದಿದೆ. ಎಲ್ಲವನ್ನೂ ಒಂದೆಡೆ ಓದುವುದು ಹೇಗೆ?

ಒಬ್ಬರು ಇಲ್ಲಿ ಸೂಚಿಸಿದಂತೆ ಅದೇ ಬರಹವನ್ನು ನಾಲ್ಕು ಕಡೆ ನಕಲು ಮಾಡಿ ಹಾಕುವುದು ಬೇಡವೇ ಬೇಡ. ನಕಲು ಹೆಚ್ಚಿದಷ್ಟೂ ಚರ್ಚೆ ಚೂರಾಗುತ್ತದೆ. ನಮ್ಮಲ್ಲಂತೂ ಬರಹಕ್ಕಿಂತ ಉತ್ತರಕ್ಕೇ ಬೆಲೆ. ಬರೆದವರು ನೆಟೆ ರೋಗ (ಗಿಡ ಬಾಡಿ ಒಣಗುವ ಶಿಲೀಂಧ್ರ ರೋಗ) ಎಂದು ತೀರ್ಮಾನಿಸಿದ್ದರು. ಕಾಂಡ ಸೀಳಿ ನೋಡಿದಿರಾ, ಒಳಗೆ ಕಂದು ಗೆರೆ ಇದೆಯೇ, ಇಲ್ಲವೇ ನೀರು ನಿಂತು ಬೇರು ಕೊಳೆತಿದೆಯೇ ಎಂದು ಚಿಂಚೋಳಿಯವರು ಕೇಳಿದ್ದು ಉತ್ತರದಲ್ಲಿ. ಬರಹವಷ್ಟನ್ನೇ ಓದಿದವರು ನೇರವಾಗಿ ಔಷಧದ ಅಂಗಡಿಗೆ ಹೋಗುತ್ತಾರೆ.

ನಮ್ಮ ತಾಣ ವರ್ಡ್‌ಪ್ರೆಸ್ ಎಂಬ ತಾಣ ಕಟ್ಟುವ ತಂತ್ರಾಂಶದಲ್ಲಿರುವುದರಿಂದ ಕೆಲಸ ಸುಲಭ. ಅದಕ್ಕೆ ಆಕ್ಟಿವಿಟಿಪಬ್ ಎಂಬ ಉಚಿತ ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ಪುಟ್ಟ ತಂತ್ರಾಂಶ) ಹಾಕಬೇಕು. ಆಕ್ಟಿವಿಟಿಪಬ್ ಎನ್ನುವುದು ಬೇರೆಬೇರೆಯವರ ಸರ್ವರ್‌ಗಳು ಪರಸ್ಪರ ಮಾತನಾಡುವ ನಿಯಮ. 2018ರಲ್ಲಿ ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಅದನ್ನು ಮಾನದಂಡವಾಗಿ ಒಪ್ಪಿತು, ಮಾಸ್ಟೊಡಾನ್ ನಡೆಯುವುದೂ ಅದರ ಮೇಲೆಯೇ. ಪ್ಲಗಿನ್ ಹಾಕಿದ ಮೇಲೆ ಮಾಸ್ಟೊಡಾನ್‌ನವರು ನಮ್ಮ ತಾಣವನ್ನೇ ಒಂದು ಖಾತೆಯಂತೆ ಹಿಂಬಾಲಿಸಬಹುದು. ಅವರು ಅಲ್ಲಿಂದಲೇ ಬರೆದ ಸಾರ್ವಜನಿಕ ಉತ್ತರ ನಮ್ಮ ಬರಹದ ಕೆಳಗೆ ಬಂದು ಕೂರುತ್ತದೆ.

ಇನ್ನು ನಿಮ್ಮ ರೀಡರ್. ವರ್ಡ್‌ಪ್ರೆಸ್‌ನಲ್ಲಿ ಪ್ರತಿ ಬರಹದ ಉತ್ತರಗಳಿಗೂ ಪ್ರತ್ಯೇಕ ಫೀಡ್ ಮೊದಲಿನಿಂದಲೂ ಇದೆ, ಯಾರೂ ಅತ್ತ ನೋಡುವುದಿಲ್ಲ ಅಷ್ಟೇ. ಬರಹದ ವಿಳಾಸದ ಕೊನೆಗೆ ಓರೆಗೆರೆ ಹಾಕಿ ಇಂಗ್ಲಿಷ್‌ನಲ್ಲಿ ‘ಫೀಡ್’ (/feed) ಎಂದು ಸೇರಿಸಿ, ಆ ವಿಳಾಸವನ್ನು ರೀಡರ್‌ಗೆ ಕೊಡಿ. ಚಿಂಚೋಳಿಯವರು ತಾಣದಲ್ಲಿ ಬರೆದದ್ದೂ ಮಾಸ್ಟೊಡಾನ್‌ನಿಂದ ಬಂದದ್ದೂ ಒಟ್ಟಿಗೆ ಬರುತ್ತವೆ. ಮಾಸ್ಟೊಡಾನ್ ಖಾತೆಯ ವಿಳಾಸಕ್ಕೆ ‘ಡಾಟ್ ಆರ್‌ಎಸ್‌ಎಸ್’ (.rss) ಸೇರಿಸಿದರೂ ಫೀಡ್ ಸಿಗುತ್ತದೆ, ಆದರೆ ಅದರಲ್ಲಿ ಆ ಖಾತೆಯವರ ಸ್ವಂತ ಬರಹಗಳು ಮಾತ್ರ ಇರುತ್ತವೆ. ನಿಮಗೆ ಅದರಿಂದ ಉಪಯೋಗವಿಲ್ಲ.

ತಾಣ ನೋಡಿಕೊಳ್ಳುವ ತಮ್ಮನಿಗೆ ಎರಡು ಮಾತು. ನಾವು ಬದಲಿಸದಿದ್ದರೆ ವರ್ಡ್‌ಪ್ರೆಸ್ ಫೀಡ್‌ನಲ್ಲಿ ಇತ್ತೀಚಿನ 10 ಉತ್ತರಗಳನ್ನು ಮಾತ್ರ ತೋರಿಸುತ್ತದೆ. ಸೆಟ್ಟಿಂಗ್ಸ್‌ನ ರೀಡಿಂಗ್ ಪುಟದಲ್ಲಿ ಅದನ್ನು 50 ಮಾಡಪ್ಪಾ, ಇಲ್ಲದಿದ್ದರೆ ಹಳೆಯ ಉತ್ತರಗಳು ಜಾರಿಹೋಗುತ್ತವೆ. ಹೊಸಬರ ಮೊದಲ ಉತ್ತರ ಅನುಮೋದನೆಗೆ ಕಾಯುತ್ತಾ ಇರುತ್ತದೆ, ದಿನಕ್ಕೊಮ್ಮೆಯಾದರೂ ನೋಡು.

ಯಾರ ಮಾತಿಗೆ ಯಾರು ಉತ್ತರಿಸಿದರು ಎಂಬ ಕೊಂಡಿಯನ್ನು ಫೀಡ್‌ನೊಳಗೇ ಬರೆಯುವ ವಿಧಾನ 2006ರಲ್ಲೇ ಆರ್‌ಎಫ್‌ಸಿ 4685 ಎಂಬ ಅಂತರ್ಜಾಲ ನಿಯಮದ ದಾಖಲೆಯಾಗಿ ಪ್ರಕಟವಾಗಿದೆ. ಹೆಚ್ಚಿನ ರೀಡರ್‌ಗಳು ಇಂದಿಗೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಎಲ್ಲವನ್ನೂ ಸಾಲಾಗಿ ಸುರಿಯುತ್ತವೆ. ಆದ್ದರಿಂದ ಉತ್ತರಿಸುವಾಗ ‘ಹೌದು, ಅದೇ’ ಎಂದು ಬಿಡಬೇಡಿ. ಯಾವ ತಳಿ, ಯಾವ ಹೊಲ ಎಂದು ಹೆಸರಿಸಿ ಬರೆಯಿರಿ.

ಅಣ್ಣಾ, ರೀಡರ್ ಓದುವುದಕ್ಕೆ ಮಾತ್ರ. ಉತ್ತರಿಸಲು ತಾಣಕ್ಕೋ ಮಾಸ್ಟೊಡಾನ್‌ಗೋ ಹೋಗಲೇಬೇಕು. ತಾಣದಲ್ಲಿ ಖಾತೆಯಿಲ್ಲದೆ ಬರೀ ಹೆಸರು ಹಾಕಿ ಬರೆದದ್ದು ಮಾಸ್ಟೊಡಾನ್‌ಗೆ ತಲುಪುವುದಿಲ್ಲ, ಆದ್ದರಿಂದ ಅಲ್ಲಿಯವರಿಗೆ ಮರುಮಾತು ಹೇಳಬೇಕಿದ್ದರೆ ಮಾಸ್ಟೊಡಾನ್ ಖಾತೆಯಿಂದಲೇ ಹೇಳಿ. ರೀಡರ್ ತನಗೆ ಬೇಕೆಂದಾಗ ಫೀಡ್ ತರುತ್ತದೆ, ಹಾಗಾಗಿ ಉತ್ತರ ತಡವಾಗಿ ಕಾಣಬಹುದು. ಸಂಜೆಯೊಳಗೆ ಸಿಂಪಡಿಸಬೇಕೇ ಬೇಡವೇ ಎಂಬ ಪ್ರಶ್ನೆಯಿದ್ದರೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋನ್ ಮಾಡುವುದೇ ಸರಿ. ಮತ್ತೆ, ಉತ್ತರದಲ್ಲಿ ಮೊಬೈಲ್ ನಂಬರು, ಸರ್ವೆ ನಂಬರು ಹಾಕಬೇಡಿ. ಇಲ್ಲಿ ಅಳಿಸಿದರೂ ಬೇರೆ ಸರ್ವರ್‌ಗಳಲ್ಲಿ, ಬೇರೆಯವರ ರೀಡರ್‌ಗಳಲ್ಲಿ ಅದರ ಪ್ರತಿ ಉಳಿದಿರಬಹುದು.