ಅಗ್ನಿವೀರನಾಗುವ ಮುನ್ನ ಐದನೆಯ ವರ್ಷದ ಲೆಕ್ಕ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಕಾರಟಗಿ ಸೀಮೆಯವನು. ವಯಸ್ಸು 18, ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ಓದುತ್ತಿದ್ದೇನೆ. ತಂದೆಗೆ ಎಡದಂಡೆ ಕಾಲುವೆಯ ನೀರಿಗೆ ಮೂರು ಎಕರೆ ಭತ್ತದ ಗದ್ದೆ ಇದೆ, ಅದರ ಮೇಲೆ ಸಾಲವೂ ಇದೆ. ನಮ್ಮ ದೊಡ್ಡಪ್ಪನ ಮಗ ಹವಾಲ್ದಾರನಾಗಿ ನಿವೃತ್ತಿಯಾಗಿ ಪಿಂಚಣಿ ಪಡೆಯುತ್ತಿದ್ದಾನೆ. ಅವನು ‘ಮಿಲಿಟರಿ ಸೇರು, ಜೀವನ ನೆಟ್ಟಗಾಗುತ್ತದೆ’ ಎನ್ನುತ್ತಾನೆ. ಅಪ್ಪ ಪೊಲೀಸ್ ಕೆಲಸಕ್ಕೆ ಪ್ರಯತ್ನಿಸು ಎನ್ನುತ್ತಾರೆ. ಅವ್ವ ಎರಡಕ್ಕೂ ಒಪ್ಪುತ್ತಿಲ್ಲ. ಓದು ಬಿಟ್ಟು ಈ ವರ್ಷವೇ ತರಬೇತಿ ಅಕಾಡೆಮಿ ಸೇರಬೇಕೆಂದಿದ್ದೇನೆ. ಯಾವ ಯಾವ ವಿಷಯ ಯೋಚಿಸಬೇಕು, ದಯವಿಟ್ಟು ತಿಳಿಸಿ.

ಉತ್ತರ: ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ನಿಮ್ಮ ಅಣ್ಣ ಸೇರಿದ ಸೈನ್ಯಕ್ಕೂ ನೀವು ಸೇರಲಿರುವ ಸೈನ್ಯಕ್ಕೂ ಶಿಸ್ತು, ಕೆಲಸ, ಗೌರವಗಳಲ್ಲಿ ಭೇದವಿಲ್ಲ. ನೌಕರಿಯ ಷರತ್ತುಗಳಲ್ಲಿ ಮಾತ್ರ ಬಹಳ ಭೇದವಿದೆ. 2022ರ ಜೂನ್ 14ರಂದು ಕೇಂದ್ರ ಸರ್ಕಾರ ಅಗ್ನಿಪಥ ಯೋಜನೆಯನ್ನು ಪ್ರಕಟಿಸಿದ ಮೇಲೆ ಜವಾನರ ಹಂತದ ನೇಮಕಾತಿ ಅದರಡಿಯಲ್ಲೇ ನಡೆಯುತ್ತಿದೆ. ಹೀಗೆ ಸೇರಿದವರನ್ನು ಅಗ್ನಿವೀರರು ಎನ್ನುತ್ತಾರೆ. ತರಬೇತಿಯೂ ಸೇರಿ ಸೇವಾವಧಿ ನಾಲ್ಕು ವರ್ಷ. ಅದು ಮುಗಿದ ಮೇಲೆ ಒಂದು ತಂಡದ ಶೇಕಡಾ 25ರಷ್ಟು ಮಂದಿಯನ್ನು ಅವರ ಸೇವಾ ದಾಖಲೆ ನೋಡಿ ಕಾಯಂ ಸೇವೆಗೆ ಆರಿಸಿಕೊಳ್ಳುತ್ತಾರೆ. ಉಳಿದವರು ಊರಿಗೆ ಮರಳುತ್ತಾರೆ. ಹಾಗೆ ಮರಳುವವರಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕರಿಗೆ ಸಿಗುವ ಕ್ಯಾಂಟೀನ್ ಮತ್ತು ಆರೋಗ್ಯ ಯೋಜನೆಯ ಸೌಲಭ್ಯವೂ ಇಲ್ಲ. ಆದ್ದರಿಂದ ಅಣ್ಣನ ಸಲಹೆಯಲ್ಲಿ ಸೈನಿಕನ ಬದುಕಿನ ಬಗ್ಗೆ ಇರುವ ಭಾಗವನ್ನು ಕಿವಿಗೊಟ್ಟು ಕೇಳಿ, ಭದ್ರತೆಯ ಭಾಗವನ್ನು ಹೊಸದಾಗಿ ಲೆಕ್ಕ ಹಾಕಿ. ನಾಲ್ಕರಲ್ಲಿ ಮೂವರು ಹೊರಬರುವ ವ್ಯವಸ್ಥೆಯಲ್ಲಿ ‘ನಾನು ಆ ಒಬ್ಬನಾಗುತ್ತೇನೆ’ ಎಂಬ ಛಲ ಇರಲೇಬೇಕು. ಆದರೆ ಆಗದಿದ್ದರೆ ಐದನೆಯ ವರ್ಷ ಏನು ಮಾಡುತ್ತೇನೆ ಎಂಬ ಉತ್ತರವೂ ಈಗಲೇ ನಿಮ್ಮ ಕೈಯಲ್ಲಿರಬೇಕು.

ಆ ಕಾರಣಕ್ಕಾಗಿಯೇ ಪಿಯುಸಿಯನ್ನು ಅರ್ಧಕ್ಕೆ ಬಿಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಸಾಮಾನ್ಯ ಸೈನಿಕರ ವಿಭಾಗವಾದ ಜನರಲ್ ಡ್ಯೂಟಿಗೆ ಒಟ್ಟು ಶೇಕಡಾ 45 ಮತ್ತು ಪ್ರತಿ ವಿಷಯದಲ್ಲಿ ಶೇಕಡಾ 33 ಅಂಕಗಳ ಎಸ್ಸೆಸ್ಸೆಲ್ಸಿ ಸಾಕೆಂಬುದು ನಿಜ. ಆದರೆ 22-23ರ ವಯಸ್ಸಿನಲ್ಲಿ ಊರಿಗೆ ಬಂದಾಗ ಎಸ್ಸೆಸ್ಸೆಲ್ಸಿ ಒಂದನ್ನೇ ಹಿಡಿದು ನಿಲ್ಲುವುದಕ್ಕೂ ಪಿಯುಸಿ ಅಥವಾ ಪದವಿ ಹಿಡಿದು ನಿಲ್ಲುವುದಕ್ಕೂ ಅಜಗಜಾಂತರವಿದೆ. ಹತ್ತನೆಯ ತರಗತಿ ಮಾತ್ರ ಮುಗಿಸಿ ಸೇರಿದವರು ಸೇವೆಯಲ್ಲಿದ್ದುಕೊಂಡೇ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹನ್ನೆರಡನೆಯ ತರಗತಿಯ ಪ್ರಮಾಣಪತ್ರ ಪಡೆಯಬಹುದು. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯವು ಅಗ್ನಿವೀರರಿಗೆಂದೇ ರೂಪಿಸಿದ ಪದವಿಯಲ್ಲಿ ಅರ್ಧದಷ್ಟು ಕ್ರೆಡಿಟ್‌ಗಳು ಸೇನಾ ತರಬೇತಿಗೇ ಸಿಗುತ್ತವೆ. ನೀವು ಪಿಯುಸಿ ಮುಗಿಸಿ ಹೋದರೆ ನೇರವಾಗಿ ಆ ಪದವಿಗೇ ಸೇರಬಹುದು. ಒಂದು ಮೆಟ್ಟಿಲು ಮೊದಲೇ ಹತ್ತಿದಂತೆ.

ಈಗ ಹಣದ ವಿಷಯ. ನಿಮ್ಮ ಪತ್ರದಲ್ಲಿ ಸಾಲದ ಮಾತು ಒಂದೇ ಸಾಲಿನಲ್ಲಿ ಬಂದು ಹೋಗಿದೆ. ನಿಮ್ಮ ಅವಸರದ ಬೇರು ಅಲ್ಲೇ ಇದೆಯೆಂದು ನನಗೆ ಅನ್ನಿಸುತ್ತದೆ. ಯೋಜನೆಯ ಪ್ರಕಾರ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಎರಡನೆಯ ವರ್ಷ 33,000, ಮೂರನೆಯ ವರ್ಷ 36,500, ನಾಲ್ಕನೆಯ ವರ್ಷ 40,000. ಇದರಲ್ಲಿ ಶೇಕಡಾ 30 ಭಾಗ ಸೇವಾ ನಿಧಿಗೆ ಕಡಿತವಾಗುವುದರಿಂದ ಮೊದಲ ವರ್ಷ ಕೈಗೆ ಬರುವುದು 21,000, ಕೊನೆಯ ವರ್ಷ 28,000. ಊಟ, ಬಟ್ಟೆ, ವಸತಿಯ ಖರ್ಚಿಲ್ಲದ ಕಾರಣ ಇದರಲ್ಲಿ ಬಹುಪಾಲು ಮನೆಗೆ ಕಳಿಸಲು ಸಾಧ್ಯ, ಮತ್ತು ನಮ್ಮ ಭಾಗದಲ್ಲಿ ಹದಿನೆಂಟರ ಹುಡುಗನಿಗೆ ಇಷ್ಟು ಸಂಬಳ ಕೊಡುವ ಬೇರೆ ಕೆಲಸ ಸುಲಭಕ್ಕೆ ಸಿಗುವುದಿಲ್ಲ. ಕಡಿತವಾದಷ್ಟೇ ಹಣವನ್ನು ಸರ್ಕಾರವೂ ಸೇರಿಸುವುದರಿಂದ ನಾಲ್ಕು ವರ್ಷದ ಕೊನೆಗೆ 10.04 ಲಕ್ಷ ರೂಪಾಯಿ ಮತ್ತು ಅದರ ಬಡ್ಡಿ ಒಟ್ಟಿಗೆ ಬರುತ್ತದೆ, ಅದಕ್ಕೆ ಆದಾಯ ತೆರಿಗೆಯಿಲ್ಲ. ನಡುವೆ ಸ್ವಂತ ಇಚ್ಛೆಯಿಂದ ಬಿಟ್ಟು ಬಂದರೆ ನಿಮ್ಮ ಪಾಲು ಮತ್ತು ಅದರ ಬಡ್ಡಿ ಮಾತ್ರ ನಿಮ್ಮದು, ಸರ್ಕಾರದ ಪಾಲು ಸಿಗುವುದಿಲ್ಲ. ಹಾಗೆ ಬಿಟ್ಟು ಬರಲು ಅನುಮತಿ ಸಿಗುವುದೇ ಅಪರೂಪ.

ಈ ಹತ್ತು ಲಕ್ಷ ಯಾರದು ಎಂಬುದನ್ನು ಹೊರಡುವ ಮೊದಲೇ ಅಪ್ಪನ ಜೊತೆ ಕೂತು ಮಾತಾಡಿ. ತಿಂಗಳ ಸಂಬಳದಿಂದ ಸಾಲದ ಬಡ್ಡಿ ಕಟ್ಟುವುದು ಮಗನ ಧರ್ಮವೇ ಸರಿ. ಆದರೆ ಸೇವಾ ನಿಧಿಯನ್ನೂ ಸಾಲಕ್ಕೆ, ಮನೆಯ ಸ್ಲ್ಯಾಬಿಗೆ, ತಂಗಿಯ ಮದುವೆಗೆ ಎಂದು ಮುಂಚಿತವಾಗಿಯೇ ಹಂಚಿಟ್ಟರೆ, ನಾಲ್ಕು ವರ್ಷ ದುಡಿದು ಬಂದವನಿಗೆ ಹೊಸ ಬದುಕು ಕಟ್ಟಲು ಬಿಡಿಗಾಸೂ ಉಳಿಯುವುದಿಲ್ಲ. ಮಗ ಮಿಲಿಟರಿಗೆ ಸೇರಿದನೆಂಬ ಧೈರ್ಯದ ಮೇಲೆ ಮತ್ತೊಂದು ಕೈಗಡ ಮಾಡುವ ಮನೆಗಳೂ ಇವೆ. ಆ ಹಣದಲ್ಲಿ ಅರ್ಧವನ್ನಾದರೂ ನಿಮ್ಮ ಮುಂದಿನ ಓದಿಗೋ ಉದ್ಯೋಗಕ್ಕೋ ಎಂದು ಮೀಸಲಿಡುವ ಒಪ್ಪಂದ ಮನೆಯವರೆಲ್ಲರ ಎದುರು ಆಗಿರಲಿ.

ಅವ್ವನ ಹಿಂಜರಿಕೆಯನ್ನು ಬರಿಯ ಹೆಂಗರುಳು ಎಂದು ತಳ್ಳಿಹಾಕಬೇಡಿ. ಸೈನಿಕನ ಅಪಾಯ ಶತ್ರುವಿನ ಗುಂಡಿನಿಂದ ಮಾತ್ರ ಬರುವುದಲ್ಲ. ನಮ್ಮದೇ ರಾಜ್ಯದ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮರಾಶಿಯಡಿ ಸಿಲುಕಿ, ಆರು ದಿನಗಳ ನಂತರ ಜೀವಂತವಾಗಿ ಸಿಕ್ಕು, ದೆಹಲಿಯ ಆಸ್ಪತ್ರೆಯಲ್ಲಿ ಅದೇ ತಿಂಗಳ 11ರಂದು ತೀರಿಕೊಂಡರು. ಅವರೊಂದಿಗಿದ್ದ ಒಂಬತ್ತು ಮಂದಿಯೂ ಉಳಿಯಲಿಲ್ಲ. ಅಗ್ನಿವೀರರಿಗೆ ಕಂತು ಕಟ್ಟಬೇಕಿಲ್ಲದ 48 ಲಕ್ಷ ರೂಪಾಯಿಯ ಜೀವವಿಮೆ ಇದೆ. ಕರ್ತವ್ಯದ ಕಾರಣದಿಂದಲೇ ಸಾವು ಸಂಭವಿಸಿದರೆ ಅದರ ಮೇಲೆ 44 ಲಕ್ಷ ರೂಪಾಯಿ ಪರಿಹಾರ ಮತ್ತು ಉಳಿದ ಅವಧಿಯ ಸಂಬಳವೂ ಕುಟುಂಬಕ್ಕೆ ಸೇರುತ್ತದೆ. ಕಾಯಂ ಸೈನಿಕರ ಕುಟುಂಬಕ್ಕೆ ಬರುವ ಮಾಸಿಕ ಪಿಂಚಣಿ ಬರುವುದಿಲ್ಲ. ಅಂಗವೈಕಲ್ಯವಾದರೆ ಅದರ ಪ್ರಮಾಣ ನೋಡಿ 44, 25 ಅಥವಾ 15 ಲಕ್ಷ. ಈ ಸಂಖ್ಯೆಗಳನ್ನು ಅವ್ವನ ಮುಂದೆ ಓದುವುದು ಕಷ್ಟವೆಂದು ನನಗೆ ಗೊತ್ತು. ಆದರೂ ಓದಿ, ಮುಚ್ಚುಮರೆ ಮಾಡದೆ ಒಪ್ಪಿಗೆ ಪಡೆದುಕೊಂಡು ಹೊರಡಿ.

ನಿಯಮಗಳ ವಿಷಯದಲ್ಲೂ ಕಣ್ಣು ತೆರೆದಿರಲಿ. ಸೇರಿದ ದಿನದಿಂದ ನಿಮಗೆ 1950ರ ಸೈನ್ಯ ಕಾಯ್ದೆ ಅನ್ವಯಿಸುತ್ತದೆ. ರಜೆ ಮುಗಿದರೂ ಮರಳದೆ ಊರಲ್ಲಿ ಉಳಿಯುವುದು ಅಲ್ಲಿ ಶಿಕ್ಷಾರ್ಹ ಅಪರಾಧ. ‘ಹಬ್ಬ ಮುಗಿಸಿ ಹೋಗು’ ಎಂಬ ಮನೆಯವರ ಮಾತಿಗೆ ಅಲ್ಲಿ ಬೆಲೆಯಿಲ್ಲ. ವರ್ಷಕ್ಕೆ 30 ದಿನ ರಜೆ, ಅದೂ ಘಟಕದ ಅನುಕೂಲಕ್ಕೆ ತಕ್ಕಂತೆ. ಅವಿವಾಹಿತರಾಗಿದ್ದೇ ಸೇರಬೇಕು ಮತ್ತು ಆ ನಾಲ್ಕು ವರ್ಷ ಮದುವೆಯಾಗುವಂತಿಲ್ಲ. ಸೋದರಮಾವನ ಮಗಳನ್ನು ನಿಮಗೆಂದು ಮನೆಯಲ್ಲಿ ಮಾತಾಡಿಟ್ಟಿದ್ದರೆ, ಆ ಕಡೆಯವರಿಗೂ ಇದು ಈಗಲೇ ತಿಳಿಯಬೇಕು. ಭಾಷೆಯ ಅಳುಕನ್ನು ಅನೇಕರು ಹೇಳಿಕೊಳ್ಳುತ್ತಾರೆ. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ದಖನಿ ಕೇಳುತ್ತ ಬೆಳೆದ ನಮ್ಮ ಹುಡುಗರಿಗೆ ಹಿಂದಿ ಬೇಗ ಹತ್ತುತ್ತದೆ, ಆ ಚಿಂತೆ ಬೇಡ.

ತಯಾರಿಗೆ ಬರೋಣ. ಈಗ ಮೊದಲು ಆನ್‌ಲೈನ್ ಲಿಖಿತ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗಷ್ಟೇ ಮೈದಾನದ ದೈಹಿಕ ಪರೀಕ್ಷೆ, ಅಂದರೆ ರ‍್ಯಾಲಿ. ಆದ್ದರಿಂದ ಬರೀ ಓಡಿ ಓಡಿ ಮೈ ದಣಿಸಿಕೊಂಡು ಗಣಿತ, ಸಾಮಾನ್ಯ ಜ್ಞಾನ, ವಿಜ್ಞಾನವನ್ನು ಕಡೆಗಣಿಸಿದವರು ಮೈದಾನದ ಗೇಟಿನವರೆಗೂ ಹೋಗುವುದಿಲ್ಲ. ರ‍್ಯಾಲಿಯಲ್ಲಿ 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ಣ 60 ಅಂಕ, ಹತ್ತು ಪುಲ್‌ಅಪ್‌ಗೆ 40 ಅಂಕ, ಜೊತೆಗೆ 9 ಅಡಿ ಹಳ್ಳ ಜಿಗಿತ ಮತ್ತು ಅಂಕುಡೊಂಕು ತೊಲೆಯ ಮೇಲಿನ ನಡಿಗೆ. 400 ಮೀಟರ್ ಟ್ರ್ಯಾಕಿನಲ್ಲಿ ಅದು ನಾಲ್ಕು ಸುತ್ತು, ಅಂದರೆ ಒಂದು ಸುತ್ತಿಗೆ ಸುಮಾರು 82 ಸೆಕೆಂಡು. ದಿನವೂ ಡಾಂಬರು ರಸ್ತೆಯ ಮೇಲೆ ಓಡಿದರೆ ಮೊಣಕಾಲ ಕೆಳಗಿನ ಎಲುಬು ನೋಯಲು ಶುರುವಾಗಿ ತಿಂಗಳುಗಟ್ಟಲೆ ಕೂರಬೇಕಾಗುತ್ತದೆ. ಕಾಲುವೆ ಏರಿಯ ಮಣ್ಣಿನ ಹಾದಿ ಅಥವಾ ಶಾಲೆಯ ಮೈದಾನ ಒಳ್ಳೆಯದು, ಅದೂ ಬಿಸಿಲು ಏರುವ ಮೊದಲು. ಓಟ ಹೆಚ್ಚಿಸುತ್ತದೆಂದು ಯಾರಾದರೂ ಮಾತ್ರೆ, ಇಂಜೆಕ್ಷನ್ ಕೊಡಲು ಬಂದರೆ ಆ ಜಾಗಕ್ಕೆ ಮತ್ತೆ ಕಾಲಿಡಬೇಡಿ.

ಅಕಾಡೆಮಿಗೆ ಶುಲ್ಕ ಕಟ್ಟುವ ಮುನ್ನ ಜಿಲ್ಲಾ ಆಸ್ಪತ್ರೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಬಣ್ಣಗುರುಡು, ಚಪ್ಪಟೆ ಪಾದ, ನಿಂತಾಗ ಮೊಣಕಾಲು ಒಂದಕ್ಕೊಂದು ತಾಗುವುದು, ಕಾಲಿನ ನರ ಉಬ್ಬಿರುವುದು, ಇಂಥವನ್ನು ಎಷ್ಟು ಓಡಿದರೂ ಸರಿಪಡಿಸಲಾಗದು. ನಮ್ಮ ರಾಜ್ಯದವರಿಗೆ ಜನರಲ್ ಡ್ಯೂಟಿಗೆ ಎತ್ತರ 166 ಸೆಂ.ಮೀ., ಎದೆ 77 ಸೆಂ.ಮೀ. ಇದ್ದು ಉಸಿರೆಳೆದಾಗ 5 ಸೆಂ.ಮೀ. ಹಿಗ್ಗಬೇಕು. ಇನ್ನು ಹಚ್ಚೆ. ಜಾತ್ರೆಯಲ್ಲಿ ಗೆಳೆಯರ ಜೊತೆ ತೋಳಿಗೋ ಎದೆಗೋ ಹಾಕಿಸಿಕೊಂಡ ಹೆಸರು ಒಂದೇ ಸಾಕು, ನೇಮಕಾತಿ ತಪ್ಪಲು. ಮುಂಗೈಯ ಒಳಬದಿ ಮತ್ತು ಅಂಗೈಯ ಹಿಂಬದಿಯಲ್ಲಿ ಮಾತ್ರ ಅದಕ್ಕೆ ಅವಕಾಶ.

ದಾಖಲೆಗಳನ್ನು ಇಂದೇ ಹರವಿಕೊಂಡು ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಲ್ಲಿಕಾರ್ಜುನ’, ಆಧಾರ್‌ನಲ್ಲಿ ‘ಮಲ್ಲಪ್ಪ’, ಜಾತಿ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿನ ಮುಂದೆ ಬೇರೆ ಅಡ್ಡಹೆಸರು ಇರುವುದು ನಮ್ಮಲ್ಲಿ ಸರ್ವೇಸಾಮಾನ್ಯ, ಮತ್ತು ಇದನ್ನು ರ‍್ಯಾಲಿಯ ಹಿಂದಿನ ವಾರ ನಾಡಕಚೇರಿಯಲ್ಲಿ ಸರಿಪಡಿಸಲು ಹೋದರೆ ಆಗುವುದಿಲ್ಲ. ಕೊಪ್ಪಳ ಮತ್ತು ರಾಯಚೂರು ಜಿಲ್ಲೆಯವರು ಬೆಳಗಾವಿಯ ಸೇನಾ ನೇಮಕಾತಿ ಕಚೇರಿಗೆ ಸೇರುತ್ತಾರೆ, ಬಳ್ಳಾರಿಯವರು ಬೆಂಗಳೂರಿಗೆ. ಹೊಡೆದಾಟದ ಒಂದು ಪೊಲೀಸ್ ಪ್ರಕರಣವೂ ದಾರಿ ಮುಚ್ಚಬಲ್ಲದು, ನೆನಪಿರಲಿ.

ಅಪ್ಪ ಹೇಳುವ ಪೊಲೀಸ್ ಕೆಲಸದ ಮಾತನ್ನೂ ಬದಿಗಿಡಬೇಡಿ. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ರಾಜ್ಯ ಸರ್ಕಾರದ ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇಕಡಾ 80 ಮೀಸಲು. ಸೈನ್ಯದ ನೇಮಕಾತಿಗೆ ಅದು ಅನ್ವಯಿಸುವುದಿಲ್ಲ. ಉಪವಿಭಾಗಾಧಿಕಾರಿಗಳಿಂದ ಆ ಅರ್ಹತಾ ಪತ್ರವನ್ನು ಹೊರಡುವ ಮೊದಲೇ ಪಡೆದು ಮನೆಯಲ್ಲಿಟ್ಟರೆ, ಐದನೆಯ ವರ್ಷ ನಾಲ್ಕು ವರ್ಷದ ಶಿಸ್ತು, ಪದವಿ, ಆ ಪತ್ರ ಮೂರೂ ಸೇರಿ ನಿಮಗೆ ನೆರವಾಗುತ್ತವೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲೂ ಅಗ್ನಿವೀರರಾಗಿದ್ದವರಿಗೆ ಶೇಕಡಾ 10 ಮೀಸಲಾತಿಯನ್ನು 2022ರಲ್ಲೇ ಘೋಷಿಸಲಾಗಿದೆ. ನನ್ನ ಅಭಿಪ್ರಾಯ ಇಷ್ಟು: ಸಾಲಕ್ಕೆ ಹೆದರಿ ಹೋಗುವುದಾದರೆ ಬೇಡ; ಆ ಬದುಕೇ ಬೇಕೆಂದು ಮನಸ್ಸು ಹೇಳುತ್ತಿದ್ದರೆ ಪಿಯುಸಿ ಮುಗಿಸಿ, ಧೈರ್ಯವಾಗಿ ಹೋಗಿ.

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕು. ಮಗನನ್ನು ಮಿಲಿಟರಿಗೆ ಸೇರಿಸಿಕೊಡುತ್ತೇನೆಂದು ಪರಿಚಯದವರೊಬ್ಬರು ಹಣ ಕೇಳುತ್ತಿದ್ದಾರೆ. ಆಗದಿದ್ದರೆ ವಾಪಸ್ ಕೊಡುತ್ತಾರಂತೆ. ಬಂಗಾರ ಅಡವಿಟ್ಟು ಕೊಡಬಹುದೇ?

ಉತ್ತರ: ಖಂಡಿತ ಕೊಡಬೇಡಿ, ತಾಯಿ. ಲಿಖಿತ ಪರೀಕ್ಷೆ ಕಂಪ್ಯೂಟರಿನಲ್ಲಿ, ಓಟ ಗಡಿಯಾರದ ಮೇಲೆ, ವೈದ್ಯಕೀಯ ತಪಾಸಣೆ ಸೇನೆಯ ವೈದ್ಯರಿಂದ ನಡೆಯುತ್ತದೆ. ‘ಆಗದಿದ್ದರೆ ವಾಪಸ್’ ಎನ್ನುವವರ ಲೆಕ್ಕ ಸರಳ: ಹತ್ತು ಜನರಿಂದ ಹಣ ಪಡೆದರೆ ತಮ್ಮ ಬಲದಿಂದಲೇ ಆಯ್ಕೆಯಾಗುವ ಒಬ್ಬಿಬ್ಬರು ಇದ್ದೇ ಇರುತ್ತಾರೆ, ಅವರ ಹಣ ಇವರಿಗೆ ದಕ್ಕುತ್ತದೆ. ಮಗ ಕಟ್ಟಬೇಕಾದುದು ಅರ್ಜಿಯ ಜೊತೆ ಆನ್‌ಲೈನ್‌ನಲ್ಲಿ ಕಟ್ಟುವ ಪರೀಕ್ಷಾ ಶುಲ್ಕ ಮಾತ್ರ. ಅಂಕಪಟ್ಟಿಯ ಮೂಲ ಪ್ರತಿಯನ್ನು ಆ ವ್ಯಕ್ತಿಗೆ ಕೊಟ್ಟಿದ್ದರೆ ಇಂದೇ ತರಿಸಿಕೊಳ್ಳಿ. ಕೊಡದೆ ಸತಾಯಿಸಿದರೆ ಠಾಣೆಗೆ ದೂರು ಕೊಡಿ.

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿನಿ. ಹುಡುಗಿಯರಿಗೆ ಸೈನ್ಯದಲ್ಲಿ ನೇರವಾಗಿ ಅಧಿಕಾರಿಯಾಗುವ ದಾರಿ ಇದೆಯೇ?

ಉತ್ತರ: ಇದೆ. ಸುಪ್ರೀಂ ಕೋರ್ಟ್ 2021ರಲ್ಲಿ ನೀಡಿದ ಆದೇಶದ ನಂತರ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲು ಹುಡುಗಿಯರಿಗೂ ತೆರೆದಿದೆ; 2022ರಲ್ಲಿ ಅಕಾಡೆಮಿ ಇರುವ ಖಡಕ್‌ವಾಸ್ಲಾ ಸೇರಿದ ಮೊದಲ ತಂಡದ 17 ಯುವತಿಯರು 2025ರ ಮೇ ತಿಂಗಳಲ್ಲಿ ಅಲ್ಲಿಂದ ತೇರ್ಗಡೆಯಾಗಿ ಹೊರಬಂದರು. ಕೇಂದ್ರ ಲೋಕಸೇವಾ ಆಯೋಗ ವರ್ಷಕ್ಕೆ ಎರಡು ಬಾರಿ ಈ ಪರೀಕ್ಷೆ ನಡೆಸುತ್ತದೆ. ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600 ಅಂಕ, ನಂತರ ಐದು ದಿನಗಳ ಸಂದರ್ಶನಕ್ಕೆ 900. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದರಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಗಣಿತದ ಪರಿಭಾಷೆಯನ್ನು ಇಂಗ್ಲಿಷ್‌ನಲ್ಲಿ ಈಗಿನಿಂದಲೇ ರೂಢಿಸಿಕೊಳ್ಳಬೇಕು. ಇಲ್ಲಿ ನಾಲ್ಕು ವರ್ಷದ ಮಿತಿಯಿಲ್ಲ, ತರಬೇತಿಯ ಖರ್ಚನ್ನೂ ಸರ್ಕಾರವೇ ಭರಿಸುತ್ತದೆ. ದ್ವಿತೀಯ ಪಿಯುಸಿಯಲ್ಲಿ ಇರುವಾಗಲೇ ಅರ್ಜಿ ಹಾಕಬಹುದು, ಮಹಿಳೆಯರಿಗೆ ಅರ್ಜಿ ಶುಲ್ಕವಿಲ್ಲ. ವಯಸ್ಸಿನ ಮಿತಿ ಹತ್ತೊಂಬತ್ತೂವರೆ ವರ್ಷಕ್ಕೇ ಮುಗಿಯುವುದರಿಂದ ನಿಮ್ಮ ಜನ್ಮದಿನಾಂಕ ಹಿಡಿದು ಎಷ್ಟು ಅವಕಾಶಗಳಿವೆಯೆಂದು ಮೊದಲು ಎಣಿಸಿಕೊಳ್ಳಿ. ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಮೂರನ್ನೂ ಉಳಿಸಿಕೊಂಡರೆ ಭೂಸೇನೆಯ ಜೊತೆಗೆ ನೌಕಾಪಡೆ, ವಾಯುಪಡೆಗಳ ಆಯ್ಕೆಯೂ ನಿಮಗೆ ಇರುತ್ತದೆ.