ಅಂಚೆಯವನ ಹೆಬ್ಬೆರಳಿನಿಂದ ಶುರು ಮಾಡಿ

ನಮಸ್ಕಾರ,

‘ನೀವು ಓದಲೇಬೇಕಾದ ಒಂದು ಮಂಗಾ’ ಎಂಬ ನಿಮ್ಮ ಲೇಖನ ಓದಿದೆ. ಜೆಲ್ಡಾ ಸರಣಿಯ ‘ಮಜೋರಾಸ್ ಮಾಸ್ಕ್’ ಎಂಬ ವಿಡಿಯೊ ಗೇಮ್ ಮೇಲೆ ಅಭಿಮಾನಿಗಳು ಮಾಡಿದ ಮಂಗಾ, ಅಂದರೆ ಜಪಾನಿ ಕಾಮಿಕ್ಸ್, ಅದರ ವಿಷಯ. ಈಗಿರುವ ರೂಪದಲ್ಲಿ ಅದನ್ನು ಹಾಕಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯ ಸಾಲಿನವರೆಗೆ ಕಾಯಿಸುವುದು ಬೇಡ.

ಆದರೆ ಇನ್ನೊಂದು ವಿಷಯವೂ ಉಂಟು. ಲೇಖನ ಮುಗಿಸಿದ ರಾತ್ರಿಯೇ ಆ ಮಂಗಾ ಹುಡುಕಿ ಓದಿದೆ. 36 ಪುಟ, ಕೂತಲ್ಲೇ ಮುಗಿಯಿತು. ಹಾಗಾದರೆ ಇನ್ನೇನು ತಕರಾರು ಅಂತೀರಾ? ನನ್ನನ್ನು ಓದಿಸಿದ್ದು ನಿಮ್ಮ 2,000 ಪದಗಳಲ್ಲ, ಬರೀ ಎರಡು ಸಾಲು. ಅವು ಕೂತಿರುವುದು ಲೇಖನದ ಆರನೇ ಪುಟದ ಮೂಲೆಯಲ್ಲಿ. ಅಲ್ಲಿವರೆಗೆ ಹೋಗುವ ತಾಳ್ಮೆ ಸಂಪಾದಕನಿಗೆ ಇರುತ್ತದೆ, ಅದು ಅವನ ಹೊಟ್ಟೆಪಾಡು. ಓದುಗರಿಗೆ ಯಾಕಿರಬೇಕು?

ಆರಂಭದಿಂದಲೇ ನೋಡೋಣ. ‘ಮಂಗಾ ಅಂದರೆ ಮಂಗ ಅಲ್ಲ’ ಎಂದು ಶುರು ಮಾಡಿದ್ದೀರಿ. ಜಪಾನಿ ಕಾಮಿಕ್ಸ್ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತವರಿಗೆಲ್ಲ ಈ ಜೋಕ್ ಹೊಳೆಯುತ್ತದೆ. ನನಗೂ ಒಂದು ಕಾಲದಲ್ಲಿ ಹೊಳೆದಿತ್ತು, ಅಚ್ಚೂ ಆಗಿತ್ತು, ಈಗ ನೆನೆದರೆ ನಾಚಿಕೆ. ತೆಗೆದುಬಿಡಿ.

ಆಮೇಲೆ ಒಂದೂವರೆ ಪುಟ ನಿಮ್ಮ ಬಾಲ್ಯ. ಅಣ್ಣ ಆಡುವಾಗ ಪಕ್ಕದಲ್ಲಿ ಕೂತು ನೋಡುತ್ತಿದ್ದದ್ದು, ನಿಮಗೆ ಕಂಟ್ರೋಲರ್ ಸಿಗದೇ ಇದ್ದದ್ದು. ಬರಹ ಕೆಟ್ಟದಾಗಿಲ್ಲ. ಆದರೆ ಅದು ಬೇರೆ ಲೇಖನ. ಬೇಕಾದರೆ ಅದನ್ನೂ ಬರೆದು ಕಳಿಸಿ. ಇದರಲ್ಲಿ ಅದಕ್ಕೆ ಒಂದು ಸಾಲು ಸಾಕು.

ಇನ್ನು ಆಟದ ಇತಿಹಾಸ. ಜೆಲ್ಡಾ ಸರಣಿ 1986ರಲ್ಲಿ ಶುರುವಾದ ಕಡೆಯಿಂದ ಒಂದೊಂದೇ ಆಟವನ್ನು ಹಿಡಿದು ಬಂದಿದ್ದೀರಿ. ಇಷ್ಟೆಲ್ಲ ಬೇಡ. ಇರಲಿ ಅಂದರೂ ತಪ್ಪಿಲ್ಲದೆ ಇರಬೇಕಲ್ವಾ? ‘ಮಜೋರಾಸ್ ಮಾಸ್ಕ್’ ಬಂದದ್ದು 1998ರಲ್ಲಿ ಅಲ್ಲ, 2000ದಲ್ಲಿ. 1998ರದ್ದು ‘ಓಕರೀನಾ ಆಫ್ ಟೈಮ್’. ಅಕಿರಾ ಹಿಮೆಕಾವಾ ಅವರ ಜೆಲ್ಡಾ ಮಂಗಾಗಳನ್ನೂ ಅಭಿಮಾನಿಗಳ ಕೆಲಸ ಎಂದು ಬರೆದಿದ್ದೀರಿ. ಅವು ಅಧಿಕೃತವಾಗಿ ಬಂದ ಪುಸ್ತಕಗಳು. ಅಕಿರಾ ಹಿಮೆಕಾವಾ ಒಬ್ಬ ವ್ಯಕ್ತಿಯೂ ಅಲ್ಲ, ಇಬ್ಬರು ಕಲಾವಿದೆಯರು ಸೇರಿ ಇಟ್ಟುಕೊಂಡ ಹೆಸರು. ಇಂಥ ಎರಡು ತಪ್ಪು ಕಂಡ ಮೇಲೆ ನೀವು ‘ಚೆನ್ನಾಗಿದೆ’ ಅಂದದ್ದನ್ನೂ ಓದುಗರು ನಂಬುವುದಿಲ್ಲ.

ನಿಮ್ಮ ಲೇಖನದಲ್ಲಿ ಬೇಕಾದದ್ದು ಬೇರೆಯೇ ಇತಿಹಾಸ, ಅದು ಇಲ್ಲ. ‘ಮಜೋರಾಸ್ ಮಾಸ್ಕ್’ ಆಟವನ್ನು ಒಮ್ಮೆಯೂ ಮುಟ್ಟದವರು ಆ 36 ಪುಟ ಓದಬೇಕಾದರೆ ಏನು ಗೊತ್ತಿರಬೇಕು? ಚಂದ್ರ ಬೀಳುತ್ತಿದ್ದಾನೆ. ಮೂರು ದಿನದಲ್ಲಿ ಊರಿಗೆ ಅಪ್ಪಳಿಸುತ್ತಾನೆ. ನಾಯಕ ಲಿಂಕ್ ಒಂದು ರಾಗ ನುಡಿಸಿದರೆ ಕಾಲ ಮತ್ತೆ ಮೊದಲ ದಿನದ ಬೆಳಗ್ಗೆಗೆ ಹೋಗುತ್ತದೆ. ಅವನಿಗೆ ಎಲ್ಲ ನೆನಪಿರುತ್ತದೆ, ಊರಿನವರಿಗೆ ಏನೂ ನೆನಪಿರುವುದಿಲ್ಲ. ಅವನು ಮಾಡಿದ ಉಪಕಾರವೂ ಅಳಿಸಿಹೋಗುತ್ತದೆ. ಇಷ್ಟು ಹೇಳಿದರೆ ಸಾಕು, ಆಟ ಆಡದವರೂ ನಿಮ್ಮ ಜತೆ ಬರುತ್ತಾರೆ.

ಇದರ ಮೇಲೆ ಇನ್ನೊಂದನ್ನು ಹೇಳಿ, ಮಂಗಾ ನಿಂತಿರುವುದೇ ಅದರ ಮೇಲೆ. ಊರಲ್ಲಿ ಆಂಜು ಎಂಬ ಹುಡುಗಿ ಇದ್ದಾಳೆ, ಅವಳನ್ನು ಮದುವೆಯಾಗಬೇಕಿದ್ದ ಕಾಫೆ ಕಾಣೆಯಾಗಿದ್ದಾನೆ. ಶಾಪ ತಗಲಿ ಚಿಕ್ಕ ಹುಡುಗನಾಗಿ ಎಲ್ಲೋ ಅಡಗಿ ಕೂತಿದ್ದಾನೆ. ಅವಳು ಅವನಿಗೊಂದು ಕಾಗದ ಬರೆದು ಲಿಂಕ್ ಕೈಗೆ ಕೊಡುತ್ತಾಳೆ. ಲಿಂಕ್ ಅದನ್ನು ಅಂಚೆ ಡಬ್ಬಿಗೆ ಹಾಕಿದರೆ ಮರುದಿನ ಅಂಚೆಯವನು ತಲುಪಿಸುತ್ತಾನೆ. ಈ ಅಂಚೆಯವನು ವೇಳಾಪಟ್ಟಿ ಬಿಟ್ಟು ಒಂದು ಹೆಜ್ಜೆ ಆಚೆ ಇಡುವವನಲ್ಲ. ಕೊನೆಯ ರಾತ್ರಿ ಊರೆಲ್ಲ ಖಾಲಿಯಾದರೂ ಅವನು ಓಡಿಹೋಗುವುದಿಲ್ಲ. ಹೋಗಲು ಇಷ್ಟ ಇಲ್ಲ ಅಂತಲ್ಲ, ಓಡಿಹೋಗುವುದು ವೇಳಾಪಟ್ಟಿಯಲ್ಲಿ ಇಲ್ಲ ಅಂತ.

ಇಲ್ಲಿವರೆಗಿನದು ಆಟದಲ್ಲೇ ಇದೆ. ಮಂಗಾ ಮಾಡಿದವರು ಲಿಂಕ್‌ನನ್ನು ಪಕ್ಕಕ್ಕಿಟ್ಟು ಈ ಅಂಚೆಯವನ ಹಿಂದೆ ಹೋಗಿದ್ದಾರೆ. ಈ ಆಯ್ಕೆ ಎಷ್ಟು ಜಾಣತನದ್ದು ಅಂತ ನಿಮ್ಮ ಲೇಖನ ಎಲ್ಲೂ ಹೇಳುವುದಿಲ್ಲ. ಆಟದಲ್ಲಿ ಲಿಂಕ್‌ಗೆ ಮಾತಿಲ್ಲ, ಯಾಕಂದರೆ ಅವನ ಜಾಗದಲ್ಲಿ ನಾವಿರುತ್ತೇವೆ. ಮಂಗಾಕ್ಕೆ ಬಂದ ಕೂಡಲೇ ಅದೇ ಕಷ್ಟ: ಮಾತಾಡಿಸಿದರೆ ಅವನು ಬೇರೆ ಯಾರೋ ಆಗುತ್ತಾನೆ, ಆಡಿಸದಿದ್ದರೆ ಗೊಂಬೆ ಆಗುತ್ತಾನೆ. ಇವರು ಆ ಗೊಡವೆಗೇ ಹೋಗಿಲ್ಲ. ಲಿಂಕ್ ಇಡೀ ಪುಸ್ತಕದಲ್ಲಿ ಡಬ್ಬಿಯೊಳಗೆ ಕಾಗದ ಹಾಕುವ ಒಂದು ಕೈ ಅಷ್ಟೇ.

ಈಗ ಆ ಎರಡು ಸಾಲಿಗೆ ಬರುತ್ತೇನೆ. 21ನೇ ಪುಟದ ಬಗ್ಗೆ ನೀವು ಬರೆದದ್ದು:

‘ಆ ಕಾಗದವನ್ನು ಅವನು ಮೊದಲ ಸಲ ಮುಟ್ಟುತ್ತಿದ್ದಾನೆ. ಆದರೆ ಅವನ ಹೆಬ್ಬೆರಳಿಗೆ ಅದು ಗೊತ್ತು.’

ಇದನ್ನು ಓದಿ ನಾನು ಲೇಖನ ಕೆಳಗಿಟ್ಟೆ. ಪುಟ ತೆರೆದು ನೋಡಿದರೆ ನಿಜಕ್ಕೂ ಹಾಗೇ ಇದೆ. ಆರು ಪ್ಯಾನೆಲ್, ಅಂದರೆ ಚಿತ್ರದ ಚೌಕಗಳು, ಆರರಲ್ಲೂ ಅದೇ ಲಕೋಟೆ, ಅದೇ ಹೆಬ್ಬೆರಳು, ಒಂದೂ ಮಾತಿಲ್ಲ. ಮೊದಲ ಪ್ಯಾನೆಲ್‌ನಲ್ಲಿ ಬೆರಳು ಲಕೋಟೆಯ ನಡುವೆ ಇದೆ. ಆರನೆಯದಕ್ಕೆ ಬರುವಷ್ಟರಲ್ಲಿ ಅಂಚಿಗೆ ಸರಿದು, ಮಡಿಕೆ ಬಿಚ್ಚಿಕೊಳ್ಳದಂತೆ ಒತ್ತಿ ಹಿಡಿದಿದೆ. ಒಂದೊಂದು ಪ್ಯಾನೆಲ್ ಆ ಮೂರು ದಿನದ ಒಂದೊಂದು ಸುತ್ತು, ಅವನಿಗೆ ಒಂದೂ ನೆನಪಿಲ್ಲ. ಇದನ್ನು ನೀವು ಕಂಡಿದ್ದೀರಿ, ನಾನು ಒಂದೇ ಸಲಕ್ಕೆ ಕಾಣುತ್ತಿರಲಿಲ್ಲ. ಆದರೆ ಮರುಸಾಲಿನಲ್ಲೇ ‘ಇಂತಹ ಅದ್ಭುತ ದೃಶ್ಯಗಳು ಇನ್ನೂ ಹಲವಾರು ಇವೆ’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ! ನಿಲ್ಲಬೇಕಾದದ್ದು ಅಲ್ಲಿ. ಬೇರೆ ಹಲವಾರು ಬೇಡ, ಈ ಒಂದು ಪುಟವನ್ನು ಓದುಗರ ಕೈಯಲ್ಲಿ ಇಡಿ. ಅಂದ ಹಾಗೆ ಲೇಖನದಲ್ಲಿ ‘ಅದ್ಭುತ’ ಹನ್ನೊಂದು ಸಲ ಬಂದಿದೆ. ಎಣಿಸಿದ್ದೇನೆ.

ಇನ್ನೊಂದು ನೇರ ಮಾತು. ಪುಸ್ತಕದಲ್ಲಿ ಒಂದು ಕುಂದೂ ಇಲ್ಲ ಅನ್ನುವ ಹಾಗೆ ಬರೆದಿದ್ದೀರಿ. ಇದೆಯಲ್ಲ. 28ರಿಂದ 31ರವರೆಗೆ ಊರಿನ ಬೀದಿ ಎಷ್ಟು ಗಿಜಿಗುಟ್ಟಿದೆ ಅಂದರೆ ಯಾರು ಎಲ್ಲಿಂದ ಓಡುತ್ತಿದ್ದಾರೆ ಅಂತಲೇ ತಿಳಿಯುವುದಿಲ್ಲ. ಹಿನ್ನೆಲೆಗೆ ಸ್ಕ್ರೀನ್‌ಟೋನ್ (ಚುಕ್ಕಿಗಳ ಛಾಯೆ) ಜಾಸ್ತಿಯಾಗಿ ಮುಖಗಳೇ ಮುಳುಗಿವೆ. ಇದನ್ನು ಹೇಳಿದರೆ ಕಲಾವಿದರಿಗೆ ದ್ರೋಹ ಆಗುವುದಿಲ್ಲ. ‘ಈ ನಾಲ್ಕು ಪುಟ ತೊಡಕಾಗಿದೆ, ಆದರೂ ಓದಿ’ ಅನ್ನುವವರ ಮಾತಿಗೆ ತೂಕ ಜಾಸ್ತಿ.

ಅಭಿಮಾನಿಗಳ ಕೆಲಸ ಅಂದ ಮೇಲೆ ಎರಡು ವಿಷಯ ಎಚ್ಚರಿಕೆಯಿಂದ ಬರೆಯಬೇಕು. ‘ಕಂಪನಿಯ ಅನುಮತಿಯಿಂದ ಬಂದಿದೆ’ ಎಂದಿದ್ದೀರಿ. ಇದು ಎಲ್ಲಿಂದ ಬಂತು? ಪುಸ್ತಕದಲ್ಲಂತೂ ಹಾಗೆಲ್ಲೂ ಇಲ್ಲ. ಜಪಾನಿನಲ್ಲಿ ಇಂಥ ಸ್ವಂತ ಪ್ರಕಟಣೆಗಳಿಗೆ ದೋಜಿನ್‌ಶಿ ಅನ್ನುತ್ತಾರೆ. 1975ರಲ್ಲಿ ಟೋಕಿಯೊದಲ್ಲಿ ಶುರುವಾದ ಕೋಮಿಕೆಟ್ ಎಂಬ ಮೇಳದಲ್ಲಿ ಇವನ್ನು ಮಾಡಿದವರೇ ಕೂತು ಮಾರುತ್ತಾರೆ. ಬೇರೆಯವರ ಪಾತ್ರಗಳನ್ನು ಬಳಸಿದ ದೋಜಿನ್‌ಶಿಗಳಲ್ಲಿ ಬಹಳಷ್ಟಕ್ಕೆ ಯಾರೂ ಅನುಮತಿ ಕೊಟ್ಟಿರುವುದಿಲ್ಲ, ಹಕ್ಕುದಾರರು ಸುಮ್ಮನಿರುತ್ತಾರೆ ಅಷ್ಟೇ. ಸುಮ್ಮನಿರದಿದ್ದದ್ದೂ ಉಂಟು: 1999ರಲ್ಲಿ ಪೊಕೆಮಾನ್ ಪಾತ್ರಗಳ ದೋಜಿನ್‌ಶಿ ಮಾಡಿದ ಒಬ್ಬರನ್ನು ಪೊಲೀಸರು ಬಂಧಿಸಿದ್ದರು. ಆದ್ದರಿಂದ ಇಲ್ಲದ ಅನುಮತಿಯನ್ನು ನಾವು ಹೇಳಿ ಆ ಕಲಾವಿದರನ್ನು ಪೇಚಿಗೆ ಸಿಕ್ಕಿಸುವುದು ಬೇಡ.

ಎರಡನೆಯದು, ಎಲ್ಲಿ ಓದಬೇಕು ಅನ್ನುವುದು. ನೀವು ಕೊಟ್ಟಿರುವ ಜಾಗ ಯಾರೋ ಸ್ಕ್ಯಾನ್ ಮಾಡಿ ಹಾಕಿದ ನಕಲು. ಅದರಲ್ಲಿ ಕಥೆ ಮುಗಿದ ಮೇಲೆ ಬರುವ ಪುಟವೇ ಇಲ್ಲ. ಆ ಪುಟದಲ್ಲಿ ಕಲಾವಿದರು ತಮ್ಮ ಸಹಿ ಹಾಕಿ, ‘ದಯವಿಟ್ಟು ಬೇರೆ ಕಡೆ ಹಾಕಬೇಡಿ’ ಎಂದು ಬರೆದುಕೊಂಡಿದ್ದಾರೆ. ಅವರು ತಾವೇ ಇಟ್ಟಿರುವ ಪ್ರತಿ ಸಿಗುತ್ತದೆ, ನಾನು ಓದಿದ್ದು ಅದನ್ನೇ. ಅದರ ವಿಳಾಸ ಕೊಡಿ, ಅವರು ಹಾಕಿಕೊಂಡಿರುವ ಹೆಸರನ್ನೇ ಬಳಸಿ. ಬಲದಿಂದ ಎಡಕ್ಕೆ ಓದಬೇಕು ಅನ್ನುವುದನ್ನೂ ಸೇರಿಸಿ. ಗೊತ್ತಿಲ್ಲದವರು ಆ ಆರು ಪ್ಯಾನೆಲ್‌ಗಳನ್ನು ತಿರುಗಾಮುರುಗಾ ನೋಡಿದರೆ ಅಂಚಿನಿಂದ ನಡುವಿಗೆ ಬಂದ ಬೆರಳು ಕಾಣುತ್ತದೆ, ಕಥೆಯೇ ಉಲ್ಟಾ ಆಗುತ್ತದೆ.

ಕೊನೆ ಏನಾಗುತ್ತದೆ ಅಂತ ಬರೆದುಬಿಟ್ಟಿದ್ದೀರಿ, ಅದನ್ನು ಹೊಡೆದುಹಾಕಿ. ನಾನೂ ಈ ಪತ್ರದಲ್ಲಿ 36ನೇ ಪುಟದ ಸುದ್ದಿ ಎತ್ತಿಲ್ಲ, ನೋಡಿ.

ಹೊಸದಾಗಿ ಬರೆಯಿರಿ, ಹಳೆಯದನ್ನು ತಿದ್ದಲು ಹೋಗಬೇಡಿ. ತಿದ್ದಲು ಕೂತರೆ ಬಾಲ್ಯವೂ ಇತಿಹಾಸವೂ ಹೇಗೋ ಮತ್ತೆ ನುಸುಳುತ್ತವೆ. 700 ಪದ ಸಾಕು. 21ನೇ ಪುಟದ ಚಿತ್ರ ಹಾಕಲು ಕಲಾವಿದರನ್ನು ನಾವೇ ಕೇಳುತ್ತೇವೆ. ಅವರು ಬೇಡ ಅಂದರೆ ಚಿತ್ರವಿಲ್ಲದೆ ಹೋಗುತ್ತದೆ, ಹಾಗಾಗಿ ಚಿತ್ರ ಇಲ್ಲದೆಯೂ ಆ ಬೆರಳು ಕಾಣುವ ಹಾಗೆ ಬರೆಯಿರಿ. ಶೀರ್ಷಿಕೆಯಲ್ಲಿ ‘ಓದಲೇಬೇಕಾದ’ ಬೇಡ.